ಶಿವರಾತ್ರಿಯ ದಿನ ಸೊಳ್ಳೆಗಳ ಊಟ

ನಾನು ಕೆಲಸ ಮಾಡುವ ಕೋಣೆಗೆ ಎರಡು ಬಾಗಿಲುಗಳಿವೆ. ಹೊರಗಿನದನ್ನು ಮುಚ್ಚಿದ ಮೇಲೆಯೇ ಒಳಗಿನದನ್ನು ತೆರೆಯಬೇಕು. ಎರಡರ ನಡುವಿನ ಇಕ್ಕಟ್ಟಾದ ಜಾಗದಲ್ಲಿ ಒಂದು ಕನ್ನಡಿ ಇದೆ. ಹೊರಬರುವಾಗ ಬಟ್ಟೆಯ ಮಡಿಕೆಯಲ್ಲಾಗಲಿ ಕೂದಲಿನಲ್ಲಾಗಲಿ ಒಂದು ಸೊಳ್ಳೆಯೂ ಉಳಿದಿಲ್ಲವೆಂದು ಅದರಲ್ಲಿ ನೋಡಿ ಖಚಿತಪಡಿಸಿಕೊಳ್ಳುವುದು ನಿಯಮ. ಕೆಂಗೇರಿಯ ಆಚೆಗಿರುವ ಒಂದು ಚಿಕ್ಕ ಸಂಶೋಧನಾ ಕೇಂದ್ರದಲ್ಲಿ ಸೊಳ್ಳೆಗಳನ್ನು ಸಾಕುವುದು ನನ್ನ ಉದ್ಯೋಗ. ನೇಮಕಾತಿ ಪತ್ರದಲ್ಲಿ ಅದನ್ನು ‘ಸಂಶೋಧನಾ ಸಹಾಯಕಿ’ ಎಂದು ಬರೆದಿದ್ದಾರೆ. ಕಾಮಾಕ್ಷಿಪಾಳ್ಯದ ನಮ್ಮ ಬೀದಿಯಲ್ಲಿ ಹಾಗೆ ಯಾರೂ ಕರೆಯುವುದಿಲ್ಲ.

ನಾವು ಬಾಡಿಗೆಗಿರುವ ಮನೆಯ ಕೆಳಗಿನ ಭಾಗದಲ್ಲಿ ಮನೆಯ ಒಡತಿ ವಾಸವಾಗಿದ್ದಾರೆ. ಸಂಜೆ ನಾನು ಮೆಟ್ಟಿಲು ಹತ್ತುವ ಹೊತ್ತಿಗೆ ಅವರು ಹೊಸಿಲ ಮೇಲೆ ಕುಳಿತು ಸೊಪ್ಪು ಬಿಡಿಸುತ್ತಿರುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ನನ್ನನ್ನು ತಡೆದು ನಿಲ್ಲಿಸಿದರು.

“ಅಲ್ಲ ಕಣೇ, ಹಸು ಸಾಕೋರ್ನ ನೋಡಿದೀನಿ, ಕುರಿ ಸಾಕೋರ್ನ ನೋಡಿದೀನಿ. ನೀನು ಸೊಳ್ಳೆ ಸಾಕಿ ಏನ್ ಹಾಲು ಕರೀತೀಯಾ?”

ನಾನು ನಕ್ಕೆ.

“ಎಮ್ಮೆಸ್ಸಿ ಬೇರೆ ಓದಿದೀಯ. ನಮ್ ಮೋರಿ ಹತ್ರ ಒಂದು ಸ್ಟೂಲ್ ಹಾಕ್ಕೊಂಡು ಕೂತಿದ್ರೆ ಫ್ರೀಯಾಗಿ ಸಿಗ್ತಿದ್ವಲ್ಲ!”

“ಮೋರೀಲಿ ಹುಟ್ಟೋದು ಬೇರೆ ಜಾತಿ ಆಂಟಿ. ನಾವು ಸಾಕೋದು ಒಳ್ಳೇ ನೀರಲ್ಲಿ ಮಾತ್ರ ಮೊಟ್ಟೆ ಇಡುತ್ತೆ.”

“ಓಹೋ, ಮಡಿ ಸೊಳ್ಳೆ!” ಎಂದು ಅವರು ಸೊಪ್ಪಿನ ಕಡ್ಡಿಯನ್ನು ನನ್ನ ಕಡೆಗೆ ಬೀಸಿದರು.

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಆದ್ದರಿಂದ ಯಾರಾದರೂ ಕೇಳಿದಾಗ ಸರಿಯಾದ ಉತ್ತರ ಕೊಡಬೇಕೆಂಬ ಆತಂಕ ನನ್ನನ್ನು ಯಾವಾಗಲೂ ಕಾಡುತ್ತದೆ. ಅಂದು ಮೆಟ್ಟಿಲು ಹತ್ತಿ ಹೋದ ಮೇಲೂ, ಒಳ್ಳೆಯ ನೀರಲ್ಲಿ ಮಾತ್ರ ಎಂಬುದು ಪೂರ್ತಿ ಸರಿಯಲ್ಲ, ಹೆಚ್ಚಾಗಿ ಒಳ್ಳೆಯ ನೀರಲ್ಲಿ ಎನ್ನಬೇಕಿತ್ತು ಎಂದು ಯೋಚಿಸುತ್ತಿದ್ದೆ.

ನಾವು ಸಾಕುವ ಸೊಳ್ಳೆಗಳ ವಿಶೇಷ ಅವುಗಳ ಮೈಯೊಳಗಿದೆ. ಅವುಗಳ ಜೀವಕೋಶಗಳಲ್ಲಿ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ವಾಸಿಸುತ್ತದೆ. ಎಷ್ಟೋ ಬಗೆಯ ಕೀಟಗಳಲ್ಲಿ ಅದು ಸಹಜವಾಗಿಯೇ ಇದೆ. ಡೆಂಗಿ ಹರಡುವ ಈ ಜಾತಿಯ ಸೊಳ್ಳೆಯಲ್ಲಿ ಇರಲಿಲ್ಲ. ಹಣ್ಣಿನ ನೊಣದಲ್ಲಿದ್ದುದನ್ನು ತೆಗೆದು, ಕೂದಲಿಗಿಂತ ಸಣ್ಣ ಸೂಜಿಯಿಂದ ಸೊಳ್ಳೆಯ ಮೊಟ್ಟೆಯೊಳಗೆ ಸೇರಿಸಿದವರು ಬೇರೆ ದೇಶದವರು. ಆ ವಂಶದ ಒಂದು ಎಳೆ ಹಲವು ಕೈ ದಾಟಿ ನಮ್ಮಲ್ಲಿಗೆ ಬಂದಿತ್ತು. ಈ ಬ್ಯಾಕ್ಟೀರಿಯಾ ಒಳಗಿದ್ದರೆ ಸೊಳ್ಳೆಯ ಮೈಯಲ್ಲಿ ಡೆಂಗಿ ವೈರಸ್ ಸರಿಯಾಗಿ ಬೆಳೆಯುವುದಿಲ್ಲ. ನಮ್ಮ ನಗರದ ಹವೆಯಲ್ಲಿ ಅದು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಕೋಣೆಯೊಳಗೇ ಪರೀಕ್ಷಿಸುವುದು ನಮ್ಮ ಯೋಜನೆ. ಹೊರಗೆ ಬಿಡಲು ನಮಗೆ ಅನುಮತಿ ಇಲ್ಲ.

ಈ ಬ್ಯಾಕ್ಟೀರಿಯಾ ಗಾಳಿಯಲ್ಲಿ ಹರಡದು. ಸೊಳ್ಳೆ ಕಚ್ಚಿದರೆ ಮನುಷ್ಯನಲ್ಲಿ ನೆಲೆಸದು. ಗಾಜಿನ ತಟ್ಟೆಯಲ್ಲಿ ಬೆಳೆಸಿ ಇಡೋಣವೆಂದರೆ ಅದೂ ಆಗದು. ತಾಯಿಯ ಮೊಟ್ಟೆಯೊಳಗೆ ಕುಳಿತು ಮಗುವಿಗೆ ಹೋಗುವುದೊಂದೇ ಅದರ ದಾರಿ. ಗಂಡಿನಿಂದ ಏನೂ ದಾಟುವುದಿಲ್ಲ. ಈ ಜಾತಿಯ ಸಾಧಾರಣ ಮೊಟ್ಟೆಗಳನ್ನು ಕಾಗದದ ಮೇಲೆ ಒಣಗಿಸಿ ತಿಂಗಳುಗಟ್ಟಲೆ ಇಡಬಹುದು, ಆದರೆ ಬ್ಯಾಕ್ಟೀರಿಯಾ ಇರುವ ನಮ್ಮ ಮೊಟ್ಟೆಗಳು ಹಾಗಿಟ್ಟರೆ ಬೇಗನೆ ಕೆಡುತ್ತವೆ. ಹಾಗಾಗಿ ಪೀಳಿಗೆಯ ಹಿಂದೆ ಪೀಳಿಗೆ ನಡೆಯುತ್ತಲೇ ಇರಬೇಕು. ಹೆಣ್ಣು ಸೊಳ್ಳೆ ರಕ್ತ ಕುಡಿದರೆ ಮೊಟ್ಟೆ ಇಡುತ್ತದೆ. ಕುಡಿಯದಿದ್ದರೆ ಸಕ್ಕರೆ ನೀರು ಹೀರಿಕೊಂಡು ಕೆಲವು ದಿನ ಬದುಕಿ ಸಾಯುತ್ತದೆ, ಒಳಗಿರುವುದೂ ಅದರೊಂದಿಗೇ ಸಾಯುತ್ತದೆ.

ಅಪ್ಪ ಡೆಂಗಿಯಿಂದ ತೀರಿಕೊಂಡರು. ಅದು ನನ್ನ ಎಂ.ಎಸ್ಸಿ.ಯ ಕೊನೆಯ ವರ್ಷದ ಮಳೆಗಾಲ. ಅವರು ಮಾಗಡಿ ರಸ್ತೆಯ ಒಳಬೀದಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದರು. ಜ್ವರ ಬಂತು, ಮಾಮೂಲಿ ಜ್ವರವೆಂದು ಮಾತ್ರೆ ನುಂಗಿ ಕೆಲಸಕ್ಕೆ ಹೋದರು, ಜ್ವರ ಬಿಟ್ಟಿತು ಎಂದು ನಾವು ಸಮಾಧಾನಪಟ್ಟ ದಿನವೇ ಕುಸಿದು ಕುಳಿತರು. ಆಸ್ಪತ್ರೆಯ ಹೊರಗೆ ನಮ್ಮ ಚಿಕ್ಕಪ್ಪ ಯಾರೊಂದಿಗೋ ಫೋನಿನಲ್ಲಿ “ಬಿಳಿ ರಕ್ತಕಣ ಕಮ್ಮಿ ಆಗಿದೆಯಂತೆ” ಎನ್ನುತ್ತಿದ್ದಾಗ, “ಬಿಳಿ ರಕ್ತಕಣ ಅಲ್ಲ ಚಿಕ್ಕಪ್ಪ, ಪ್ಲೇಟ್‌ಲೆಟ್” ಎಂದು ತಿದ್ದಿದ್ದು ನನಗೆ ನೆನಪಿದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಫೋನಿನಲ್ಲಿ “ಪ್ಲೇಟ್‌ಲೆಟ್ ಅಂತೆ” ಎಂದರು.

ಊರ ಹೊರಗಿನ ರುದ್ರಭೂಮಿಯಲ್ಲಿ ಅಪ್ಪನನ್ನು ಗುಂಡಿಯೊಳಗೆ ಕೂರಿಸಿ, ಸುತ್ತ ಪತ್ರೆ ಮತ್ತು ವಿಭೂತಿ ತುಂಬುತ್ತಿದ್ದರು. ಅಮ್ಮನನ್ನು ಇಬ್ಬರು ಹಿಡಿದುಕೊಂಡಿದ್ದರು. ನನ್ನ ಕಣ್ಣು ಚಿಕ್ಕಪ್ಪನ ಕಾಲಿನ ಮೇಲೆ ಕುಳಿತ ಒಂದು ಸೊಳ್ಳೆಯ ಕಡೆಗೆ ಹೋಯಿತು. ಕಾಲುಗಳಲ್ಲಿ ಬಿಳಿ ಪಟ್ಟಿಗಳಿದ್ದವು. ಹಗಲು ಕಚ್ಚುವ ಜಾತಿ, ಹೆಣ್ಣು, ಎಂದು ಮನಸ್ಸು ತಾನಾಗಿಯೇ ಗುರುತಿಸಿತು. ಅಷ್ಟರಲ್ಲಿ ಮಣ್ಣು ಹಾಕಲು ನನ್ನನ್ನು ಕರೆದರು. ನಾನು ಅಳಲಿಲ್ಲ. ಆಮೇಲೆ ಅಳುತ್ತೇನೆಂದು ಎಲ್ಲರೂ ಕಾದರು, ನಾನೂ ಕಾದೆ.

ಈ ಕೆಲಸದ ಸಂದರ್ಶನದಲ್ಲಿ ಈ ವಿಷಯವನ್ನೇ ಏಕೆ ಆರಿಸಿಕೊಂಡಿರಿ ಎಂದು ಕೇಳಿದರು. ಕೀಟಗಳ ಒಳಗಿನ ಸಹಜೀವಿಗಳ ಬಗ್ಗೆ ನನ್ನ ಆಸಕ್ತಿಯನ್ನು ಕ್ರಮವಾಗಿ ವಿವರಿಸಿದೆ. ಅಪ್ಪನ ವಿಷಯ ಹೇಳುವ ಅಗತ್ಯ ಕಾಣಲಿಲ್ಲ. ಆಯ್ಕೆಯಾದ ದಿನ ಮನೆಗೆ ಬಂದು ಹೇಳಿದಾಗ ಅಮ್ಮ ಕೇಳಿದ್ದು ಒಂದೇ.

“ಅದೇ ಸೊಳ್ಳೇನಾ?”

“ಜಾತಿ ಅದೇ. ಇವುಗಳಲ್ಲಿ ವೈರಸ್ ಇರಲ್ಲ ಅಮ್ಮ.”

ಅವಳು ಒಲೆಯ ಕಡೆಗೆ ತಿರುಗಿ ಸಾರು ಕದಡಿದಳು. ಅಂದಿನಿಂದ ನನ್ನ ಕೆಲಸದ ಬಗ್ಗೆ ಅವಳು ಏನೂ ಕೇಳಲಿಲ್ಲ. ತಾನು ಕೆಲಸ ಮಾಡುವ ಗಾರ್ಮೆಂಟ್ಸಿನಲ್ಲಿ ಜೊತೆಯವರು ಕೇಳಿದರೆ “ಲ್ಯಾಬಲ್ಲಿದಾಳೆ” ಎಂದಷ್ಟೇ ಹೇಳುತ್ತಿದ್ದಳಂತೆ.

ಕಳೆದ ಶಿವರಾತ್ರಿಗೆ ಮುಂಚಿನ ವಾರ ನನಗೆ ಜ್ವರ ಬಂತು. ಮೈ ಸ್ವಲ್ಪ ಬಿಸಿಯಾದ ಕೂಡಲೇ ಅಮ್ಮ ನನ್ನನ್ನು ಕ್ಲಿನಿಕ್ಕಿಗೆ ಕರೆದೊಯ್ದಳು. ಡೆಂಗಿ ಅಲ್ಲವೆಂದು ರಕ್ತಪರೀಕ್ಷೆ ಹೇಳಿದರೂ ಅವಳು ವೈದ್ಯರ ಮೇಜಿನ ಮುಂದಿನಿಂದ ಏಳಲಿಲ್ಲ. “ಸರಿಯಾಗಿ ನೋಡಿ ಸಾರ್, ಇನ್ನೊಂದ್ಸಲ ನೋಡಿ” ಎನ್ನುತ್ತಲೇ ಇದ್ದಳು. ವೈದ್ಯರು ಬೇರೆ ಯಾವುದೋ ಸೋಂಕಿನ ಸಂಶಯದ ಮೇಲೆ ಡಾಕ್ಸಿಸೈಕ್ಲಿನ್ ಬರೆದುಕೊಟ್ಟರು. ಆ ಹೆಸರನ್ನು ಓದಿದಾಗಲೇ ನನಗೆ ಕೋಣೆಯ ನೆನಪಾಯಿತು. ಹೋಲಿಕೆಗೆಂದು ಬ್ಯಾಕ್ಟೀರಿಯಾ ಇಲ್ಲದ ಸೊಳ್ಳೆಗಳು ಬೇಕಾದಾಗ ಅದೇ ಗುಂಪಿನ ಔಷಧಿಯನ್ನು ನಾವು ಸಕ್ಕರೆ ನೀರಿಗೆ ಬೆರೆಸುತ್ತೇವೆ. ಒಳಗಿನ ಜೀವಿ ಅದರಿಂದ ಅಳಿದುಹೋಗುತ್ತದೆ. ಬೇರೆ ಮಾತ್ರೆ ಕೊಡಬಹುದೇ ಎಂದು ಕೇಳಿದೆ. “ಓದಿದೋರು ಅಂದ್ರೆ ಇದೇ ಪ್ರಾಬ್ಲಂ ನೋಡಿ” ಎಂದು ವೈದ್ಯರು ಅಮ್ಮನನ್ನು ನೋಡಿ ನಕ್ಕರು. ಅಮ್ಮ ನಗಲಿಲ್ಲ. ಪ್ರತಿ ಸಲವೂ ನಾನು ಗುಳಿಗೆ ನುಂಗಿ ಬಾಯಿ ತೆರೆದು ತೋರಿಸುವವರೆಗೂ ನೀರಿನ ಲೋಟ ಹಿಡಿದು ಎದುರಿಗೇ ನಿಂತಿರುತ್ತಿದ್ದಳು.

ಶಿವರಾತ್ರಿಯ ಹಿಂದಿನ ದಿನ ನಾನು ಕೆಲಸಕ್ಕೆ ಮರಳಿದೆ. ಯೋಜನೆಯ ಮುಖ್ಯಸ್ಥೆ, ನಾವು ಮೇಡಂ ಎನ್ನುವವರು, ಸಭೆಗೆಂದು ದೆಹಲಿಗೆ ಹೋಗಿದ್ದರು. ನನ್ನೊಂದಿಗೆ ಕೆಲಸ ಮಾಡುವ ಸಹೋದ್ಯೋಗಿ ತಂಗಿಯ ಮದುವೆಗೆಂದು ಆಗಲೇ ಊರಿಗೆ ಹೋಗಿದ್ದ. ಕೋಣೆಗೆ ತೇವ ಕೊಡುವ ಯಂತ್ರ ನಡುವೆ ಯಾವಾಗಲೋ ನಿಂತುಹೋಗಿತ್ತು. ಆ ತಿಂಗಳಿನ ಒಣ ಗಾಳಿಗೆ ಸಕ್ಕರೆ ನೀರಿನ ಹತ್ತಿ ಉಂಡೆಗಳು ಗಟ್ಟಿಯಾಗಿ ಬಲೆಗೆ ಅಂಟಿಕೊಂಡಿದ್ದವು. ಬ್ಯಾಕ್ಟೀರಿಯಾ ಇರುವ ಸೊಳ್ಳೆಗಳ ಪಂಜರದ ನೆಲದ ಮೇಲೆ ಸತ್ತವು ಎಳ್ಳು ಚೆಲ್ಲಿದಂತೆ ಬಿದ್ದಿದ್ದವು. ಮೂಲೆಯಲ್ಲಿ ಒಂದಷ್ಟು ಹೆಣ್ಣುಗಳು ಬಲೆಗೆ ಆತುಕೊಂಡು ಕುಳಿತಿದ್ದವು. ಯಂತ್ರವನ್ನು ಸರಿಮಾಡಿಸಿ, ಹತ್ತಿಯನ್ನು ನೆನೆಸಿ, ನಾಳೆ ಬೆಳಿಗ್ಗೆ ರಕ್ತ ಕೊಟ್ಟರಾಯಿತು ಎಂದುಕೊಂಡೆ. ನಮ್ಮಲ್ಲಿ ಉಳಿದಿದ್ದ ಎಳೆ ಅದೊಂದೇ. ಅದು ಕಡಿದರೆ ಯೋಜನೆ ಮುಗಿದಂತೆ. ಮತ್ತೆ ತರಿಸಿಕೊಳ್ಳುವುದು ವರ್ಷಗಳ ಮಾತು.

ಸಾಮಾನ್ಯವಾಗಿ ನಾವು ಕೊಡುವುದು ಕುರಿಯ ರಕ್ತ. ಕೆಂಗೇರಿಯ ಒಂದು ಮಟನ್ ಅಂಗಡಿಯಿಂದ ಬೆಳಿಗ್ಗೆಯೇ ಫ್ಲಾಸ್ಕಿನಲ್ಲಿ ತಂದು, ಮೈಬಿಸಿಗೆ ಕಾಯಿಸಿ, ತೆಳುವಾದ ಪೊರೆಯ ಹಿಂದೆ ಇಡುತ್ತೇವೆ. ಸೊಳ್ಳೆಗಳು ಪೊರೆಯನ್ನು ಚುಚ್ಚಿ ಕುಡಿಯುತ್ತವೆ. ತರುವುದು ಯಾವಾಗಲೂ ಸಹೋದ್ಯೋಗಿಯೇ. ನಮ್ಮ ಮನೆಯ ಪದ್ಧತಿ ತಿಳಿದು, ನಾನು ಕೇಳುವ ಮೊದಲೇ ಅವನು ಆ ಕೆಲಸವನ್ನು ವಹಿಸಿಕೊಂಡಿದ್ದ. ಅವನಿಲ್ಲದಾಗ ನಾನು ನನ್ನ ಕೈಯನ್ನೇ ಪಂಜರದೊಳಗೆ ಇಡುತ್ತಿದ್ದೆ. ರೋಗಾಣುವಿಲ್ಲದ ಸೊಳ್ಳೆಗಳಾದ್ದರಿಂದ ಅದಕ್ಕೆ ನಮ್ಮಲ್ಲಿ ಅವಕಾಶವಿದೆ. ಈ ಸಲ ನನ್ನ ರಕ್ತದಲ್ಲಿ ಆ ಔಷಧಿ ಇತ್ತು. ಸೊಳ್ಳೆ ಉಳಿದೀತು, ಒಳಗಿನದು ಉಳಿಯುತ್ತದೆಂದು ಹೇಳಲಾಗದು.

ಶಿವರಾತ್ರಿಯ ಬೆಳಿಗ್ಗೆ ಸ್ನಾನ ಮಾಡಿ, ಪೂಜೆ ಮುಗಿಸಿ, ಉಪವಾಸದಲ್ಲೇ ಹೊರಟೆ. ಸಂಜೆಯ ಪೂಜೆಗೆ ಬಂದುಬಿಡುತ್ತೇನೆಂದು ಅಮ್ಮನಿಗೆ ಹೇಳಿದ್ದೆ. ಮೊದಲು ಕೋಣೆಗೆ ಹೋಗಿ ನೋಡಿದೆ. ಹಿಂದಿನ ದಿನ ಬಲೆಗೆ ಆತುಕೊಂಡಿದ್ದವುಗಳಲ್ಲಿ ಇನ್ನೂ ಹಲವು ಕೆಳಗೆ ಬಿದ್ದಿದ್ದವು. ಫ್ಲಾಸ್ಕ್ ತೆಗೆದುಕೊಂಡು ಮಟನ್ ಅಂಗಡಿಗೆ ನಡೆದೆ. ಶಟರ್ ಎಳೆದಿತ್ತು. ಪಕ್ಕದ ಫುಟ್‌ಪಾತಿನಲ್ಲಿ ಒಬ್ಬ ಹೆಂಗಸು ಬಿಲ್ವಪತ್ರೆಯನ್ನೂ ತುಂಬೆ ಹೂವನ್ನೂ ರಾಶಿ ಹಾಕಿಕೊಂಡು ಕುಳಿತಿದ್ದಳು.

“ಆಂಟಿ, ಈ ಅಂಗಡಿ ಎಷ್ಟೊತ್ತಿಗೆ ತೆಗೀತಾರೆ?”

“ಯಾವ್ದು, ಮಟನ್ ಅಂಗಡೀನಾ?” ಅವಳು ತಲೆಯೆತ್ತಿ ನನ್ನ ಹಣೆಯ ವಿಭೂತಿಯನ್ನು ನೋಡಿದಳು. ಆಮೇಲೆ ಫ್ಲಾಸ್ಕನ್ನು ನೋಡಿದಳು. “ಶಿವರಾತ್ರಿ ದಿನ ಮೂರು ಪಟ್ಟೆ ವಿಭೂತಿ ಹಚ್ಕೊಂಡು ಮಟನ್‌ಗೆ ಬಂದೋಳ್ನ ನಾನು ಇವತ್ತೇ ಕಣಮ್ಮ ನೋಡಿದ್ದು!”

“ಮಟನ್ ಬೇಡ ಆಂಟಿ. ರಕ್ತ ಸಾಕಿತ್ತು” ಎಂದೆ. ತಪ್ಪು ತಿಳಿವಳಿಕೆ ಹೋಗಲಾಡಿಸಬೇಕೆಂಬುದಷ್ಟೇ ನನ್ನ ಉದ್ದೇಶವಾಗಿತ್ತು.

“ಅಯ್ಯೋ ಶಿವ್ನೇ!” ಅವಳು ಬಿಲ್ವದ ಕಟ್ಟನ್ನು ಎದೆಗೆ ಒತ್ತಿಕೊಂಡಳು. “ಇವತ್ತು ಇಡೀ ಬೆಂಗಳೂರಲ್ಲಿ ಒಂದು ಕೋಳಿ ಕೂಡ ಕುಯ್ಯಲ್ಲ. ಕಾರ್ಪೊರೇಷನ್ನೋರು ಬಂದ್ ಮಾಡ್ಸಿರ್ತಾರೆ. ಅಷ್ಟೂ ಗೊತ್ತಿಲ್ವಾ?”

ನನಗೆ ಗೊತ್ತಿರಲಿಲ್ಲ. ನೆನಪಿರುವ ದಿನದಿಂದ ಶಿವರಾತ್ರಿ ಆಚರಿಸುತ್ತಾ ಬಂದಿದ್ದೇನೆ. ಯಾವ ಜಾವಕ್ಕೆ ಯಾವ ಪೂಜೆ, ಉಪವಾಸದಲ್ಲಿ ಯಾವ ಹಣ್ಣು ತಿನ್ನಬಹುದು ಎಂಬುದೆಲ್ಲ ತಿಳಿದಿದೆ. ಆ ದಿನ ಮಾಂಸದ ಅಂಗಡಿಗಳು ಮುಚ್ಚಿರುತ್ತವೆ ಎಂಬುದು ಮಾತ್ರ ತಿಳಿದಿರಲಿಲ್ಲ. ಮಾಂಸ ತಿನ್ನುವ ಮನೆಯವರಿಗೆ ಅದು ಹಬ್ಬಕ್ಕೆ ಮುಂಚೆಯೇ ನೆನಪಿರುವ ಸಂಗತಿ. ನಮ್ಮಂಥ ಮನೆಯಲ್ಲಿ ಆ ಅಂಗಡಿ ತೆರೆದಿದ್ದರೇನು, ಮುಚ್ಚಿದ್ದರೇನು? ನಾಚಿಕೆಯಾಗಬೇಕಿತ್ತು. ಫ್ಲಾಸ್ಕಿನ ಮುಚ್ಚಳವನ್ನು ಇನ್ನೊಮ್ಮೆ ಬಿಗಿ ಮಾಡಿಕೊಂಡು ವಾಪಸು ನಡೆದೆ.

ಮೇಡಂಗೆ ಫೋನ್ ಮಾಡಿದೆ. ಅವರು ಸಭೆಯಿಂದ ಹೊರಬಂದು ಪಿಸುದನಿಯಲ್ಲಿ ಮಾತಾಡಿದರು.

“ನಾಳೆ ತನಕ ಇರುತ್ವಾ?”

“ಇರಬಹುದು ಮೇಡಂ. ಆದರೆ ಕಚ್ಚುವಷ್ಟು ಶಕ್ತಿ ಇರುತ್ತೆ ಅಂತ ಹೇಳೋಕಾಗಲ್ಲ.”

“ನಿನ್ನ ಕೈ ಬೇಡ. ಬೇರೆ ಯಾರಾದ್ರೂ ಮನಸಾರೆ ಒಪ್ಪಿದ್ರೆ ಸರಿ. ಆಂಟಿಬಯಾಟಿಕ್ ತಿಂದಿರಬಾರದು. ಎಲ್ಲಾ ಬಿಡಿಸಿ ಹೇಳು, ಬಲವಂತ ಮಾಡ್ಬೇಡ.”

ರಜೆಯ ದಿನವಾದ್ದರಿಂದ ಕೇಂದ್ರದಲ್ಲಿ ಇದ್ದವರು ಕಾವಲುಗಾರರೊಬ್ಬರೇ. ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, “ಬೇಡ ಮೇಡಂ, ಮನೇಲಿ ಕಚ್ಚೋವ್ಕೇ ಸಾಕಾಗ್ತಿಲ್ಲ ನನ್ ರಕ್ತ” ಎಂದು ಕೈಮುಗಿದರು.

ಸಂಜೆ ತಡವಾಗಬಹುದೆಂದು ಹೇಳಲು ಅಮ್ಮನಿಗೆ ಫೋನ್ ಮಾಡಿದೆ. ಅಷ್ಟೇ ಹೇಳಬೇಕೆಂದಿದ್ದೆ. ಏಕೆ ಎಂದು ಕೇಳಿದಳು. ಹೇಳಿದೆ. ಹೇಳತೊಡಗಿದ ಮೇಲೆ ಅರ್ಧಕ್ಕೆ ನಿಲ್ಲಿಸಲು ಬರಲಿಲ್ಲ; ತಾಯಿಯಿಂದ ಮೊಟ್ಟೆಗೆ ಹೋಗುವುದು, ಔಷಧಿ, ಮುಚ್ಚಿದ ಅಂಗಡಿ, ಎಲ್ಲವನ್ನೂ ಹೇಳಿದೆ. ಆ ಕಡೆ ಅವಳು ಕುಕ್ಕರ್ ಇಳಿಸಿದ ಸದ್ದು ಕೇಳಿತು.

“ಅವು ಸತ್ರೆ ಏನಾಗುತ್ತೆ?”

“ನಮ್ಮತ್ರ ಆ ಬ್ಯಾಕ್ಟೀರಿಯಾ ಇರಲ್ಲ. ಇಷ್ಟು ದಿನ ಮಾಡಿದ್ದು ಅಲ್ಲಿಗೆ ನಿಲ್ಲುತ್ತೆ.”

“ಡೆಂಗಿ ಬರ್ದಿರೋ ಹಂಗೆ ಮಾಡೋದು ಅಂದ್ಯಲ್ಲ, ಅದಾ?”

“ಹೌದು.”

“ನನ್ ಕೈ ಆಗಲ್ವಾ?”

ಬಲವಂತ ಮಾಡಬಾರದೆಂದು ಮೇಡಂ ಹೇಳಿದ್ದರು. ಅವಳಾಗಿಯೇ ಕೇಳಿದ್ದಕ್ಕೆ ನಾನು ಹೂಂ ಎಂದರೆ ಅದೂ ಒಂದು ಬಗೆಯ ಬಲವಂತವಾಗುತ್ತದೆಯೇ ಎಂದು ಅಳೆಯುತ್ತಿದ್ದೆ. “ಹೆಂಗ್ ಬರೋದು ಹೇಳು” ಎಂದಳು ಅಮ್ಮ.

ಅವಳು ವಿಜಯನಗರದವರೆಗೆ ಬಸ್ಸಿನಲ್ಲಿ, ಅಲ್ಲಿಂದ ಮೆಟ್ರೋದಲ್ಲಿ ಬಂದಳು. ಕೆಂಗೇರಿ ನಿಲ್ದಾಣದ ಎಸ್ಕಲೇಟರಿನ ಬುಡದಲ್ಲಿ ಕಾಯುತ್ತಿದ್ದೆ. ಅವಳಿಗೆ ಎಸ್ಕಲೇಟರ್ ಎಂದರೆ ಭಯ. ಮೆಟ್ಟಿಲಿನಿಂದ ಇಳಿದು ಬಂದಳು. ಹಬ್ಬದ ಇಳಕಲ್ ಸೀರೆ ಉಟ್ಟಿದ್ದಳು. ಹಣೆ, ಕುತ್ತಿಗೆ, ಎರಡೂ ಕೈಗಳ ಮೇಲೆ ಮೊಣಕೈವರೆಗೂ ವಿಭೂತಿಯ ಪಟ್ಟೆಗಳಿದ್ದವು. ಅಪ್ಪ ಹೋದ ಮೇಲೆ ಅವಳು ಕುಂಕುಮ ಬಿಟ್ಟಿದ್ದಾಳೆ. ವಿಭೂತಿ ಮಾತ್ರ ಮೊದಲಿಗಿಂತ ದಟ್ಟವಾಗಿದೆ.

“ಏನಾದ್ರೂ ತಿಂದ್ಯಾ?” ಎಂದು ಕೇಳಿದಳು.

“ಉಪವಾಸ ಅಲ್ವಾ.”

“ಮಾತ್ರೆ?”

“ಬಾಳೆಹಣ್ಣು ತಿಂದು ನುಂಗಿದೆ.”

“ಹಂ” ಎಂದಳು. ಇಬ್ಬರೂ ಆಟೋ ಹತ್ತಿದೆವು.

ಎರಡು ಬಾಗಿಲುಗಳ ನಡುವೆ ನಿಂತಾಗ ಅವಳು ಕನ್ನಡಿ ನೋಡಿ ಸೆರಗು ಸರಿಮಾಡಿಕೊಂಡಳು. ಒಳಗಿನ ಬಿಸಿ ಮತ್ತು ತೇವಕ್ಕೆ, “ಮಳೆ ಬರೋ ಮುಂಚೆ ಆದಂಗೆ ಆಗ್ತದೆ” ಎಂದಳು. ಪಂಜರದ ಮುಂದೆ ಸ್ಟೂಲ್ ಹಾಕಿ ಕೂರಿಸಿದೆ. ಪಂಜರ ಎಂದರೆ ಒಂದು ಬಲೆಯ ಡಬ್ಬ. ಮುಂದುಗಡೆ ಬಟ್ಟೆಯ ತೋಳು ಇರುತ್ತದೆ, ಕೈಯನ್ನು ಅದರ ಮೂಲಕ ಒಳಗೆ ತೂರಿಸಬೇಕು. ಎಡಗೈ ಕೊಡು, ನಾಳೆ ಕೆಲಸ ಮಾಡುವಾಗ ಬಲಗೈ ತುರಿಸಬಾರದು ಎಂದೆ.

“ಎಡಗೈ ಆಗಲ್ಲ. ಲಿಂಗ ಹಿಡಿಯೋ ಕೈ ಅದು. ಸಾಯಂಕಾಲ ಪೂಜೆ ಐತೆ” ಎಂದು ಬಲಗೈಯ ಬಳೆಗಳನ್ನು ಮೇಲಕ್ಕೆ ಸರಿಸಿದಳು.

ಕೈ ಒಳಗೆ ಹೋಯಿತು. ಸೊಳ್ಳೆಗಳು ಕದಲಲಿಲ್ಲ. ಮನುಷ್ಯರ ಉಸಿರಿಗೆ ಅವು ಎಚ್ಚರಗೊಳ್ಳುತ್ತವೆ ಎಂದೆ. ಅವಳು ಬಾಗಿ, ಸೌದೆ ಒಲೆಗೆ ಊದುವಂತೆ ಊದಿದಳು. “ಊದ್ಬೇಡ ಅಮ್ಮ, ಸುಮ್ನೆ ಉಸಿರಾಡು” ಎಂದೆ. ಕೆಲವು ಎದ್ದವು. ಕೈಯ ಹತ್ತಿರ ಸುಳಿದವು, ಒಂದು ಮಣಿಕಟ್ಟಿನ ಮೇಲೆ ಕುಳಿತು ತಕ್ಷಣವೇ ಹಾರಿ ಬಲೆಗೆ ಮರಳಿತು. ಮತ್ತೊಂದೂ ಹಾಗೆಯೇ ಮಾಡಿತು. ನಾವು ಕಾದೆವು. ಯಾವುದೂ ನಿಲ್ಲಲಿಲ್ಲ.

“ನನ್ ರಕ್ತ ಬೇಡ್ವಂತಾ ಅವಕ್ಕೆ?” ಎಂದಳು ಅಮ್ಮ. ತಮಾಷೆಗೆ ಹೇಳಿದ್ದಿರಬಹುದು, ಮುಖ ಹಾಗಿರಲಿಲ್ಲ.

ನನಗೆ ಕಾರಣ ಕಾಣುತ್ತಿತ್ತು. ಅವಳ ಕೈಯ ಮೇಲೆ ಒಣಗಿದ ಬೂದಿಯ ಪದರವಿತ್ತು, ಅದರಲ್ಲಿ ಕರ್ಪೂರದ ವಾಸನೆಯೂ ಇತ್ತು. ಅದೇ ಕಾರಣವೆಂದು ನಾನು ಪರೀಕ್ಷಿಸಿ ನೋಡಿದವಳಲ್ಲ. ಆದರೆ ಚರ್ಮದ ವಾಸನೆ ಅವುಗಳಿಗೆ ಸಿಗುತ್ತಿಲ್ಲವೆಂದು ಊಹಿಸುವುದು ಕಷ್ಟವಿರಲಿಲ್ಲ. ಶಿವರಾತ್ರಿಯ ದಿನ, ಪೂಜೆಗೆ ಕುಳಿತು ಹಚ್ಚಿಕೊಂಡದ್ದನ್ನು ತೊಳೆಯೆಂದು ಅವಳಿಗೆ ಹೇಗೆ ಹೇಳುವುದು? ನಾನು ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿ, ಕೆಡವಿ, ಮತ್ತೆ ಜೋಡಿಸಿದೆ.

“ಅಮ್ಮ, ವಿಭೂತಿ ಇರೋದ್ರಿಂದ ಕೂರ್ತಾ ಇಲ್ಲ ಅನ್ಸುತ್ತೆ.”

ಅವಳು ಕೈಯನ್ನು ಹೊರಗೆಳೆದುಕೊಂಡಳು. ಪಟ್ಟೆಗಳನ್ನು ನೋಡಿದಳು. ಬಲೆಯಲ್ಲಿ ಕುಳಿತಿದ್ದ ಸೊಳ್ಳೆಗಳನ್ನೂ ನೋಡಿದಳು. ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ಅವಳು ಆ ಜಾತಿಯನ್ನು ನೋಡಿದ್ದು ಅದೇ ಮೊದಲಿರಬೇಕು. ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋದರೆ ತಡೆಯಬಾರದು ಎಂದೂ ನಿರ್ಧರಿಸಿಕೊಂಡೆ.

“ನೀರೆಲ್ಲಿ?” ಎಂದಳು.

“ಬೇಡ ಅಂದ್ರೆ ಬೇಡ ಅಮ್ಮ. ನಾಳೆ ತನಕ ನೋಡೋಣ.”

“ಕೈಲಿರೋದು ತೊಳ್ಕೊಂಡ್ರೆ ಹಣೇಲಿರೋದು ಹೋಗುತ್ತಾ? ನೀರು ತೋರ್ಸು.”

ಮೂಲೆಯ ಸಿಂಕಿನ ಬಳಿ ಕರೆದೊಯ್ದೆ. ಅವಳು ಹರಿಯುವ ನಲ್ಲಿಗೆ ನೇರವಾಗಿ ಕೈ ಒಡ್ಡಲಿಲ್ಲ. ಒಂದು ಬಟ್ಟಲು ಕೇಳಿದಳು. ಬಟ್ಟಲಿನ ಮೇಲೆ ಕೈ ಹಿಡಿದು, ನೀರು ಹೊಯ್ದುಕೊಂಡು, ಮೊಣಕೈಯಿಂದ ಕೆಳಕ್ಕೆ ನಿಧಾನವಾಗಿ ಉಜ್ಜಿದಳು. ಬೆಳ್ಳಗಾದ ನೀರನ್ನು ಮೋರಿಗೆ ಬಿಡಬಾರದೆಂದು, ಹೊರಗೆ ಹೋಗಿ ಕಾಂಪೌಂಡಿನ ಹೊಂಗೆ ಮರದ ಬುಡಕ್ಕೆ ಸುರಿದು ಬಂದಳು. ನಾನು ಎರಡೆರಡು ಬಾಗಿಲು ತೆರೆದು ಮುಚ್ಚುತ್ತಾ ಹಿಂದೆಯೇ ಇದ್ದೆ. ಒಣಗಿದ ಬಟ್ಟೆಯಿಂದ ಒರೆಸಿಕೊಂಡ ಮೇಲೆ ಅವಳ ಬಲಗೈ ಬರಿದಾಗಿ ಕಂಡಿತು.

ಈ ಸಲ ಅವು ಬಂದವು. ಮೊದಲು ಒಂದು, ಮಣಿಕಟ್ಟಿನ ಒಳಭಾಗದಲ್ಲಿ ಕುಳಿತು, ಹಿಂಗಾಲುಗಳನ್ನು ಎತ್ತಿ, ಸೊಂಡಿಲನ್ನು ಇಳಿಸಿತು. ಆಮೇಲೆ ಉಳಿದವು. ಬದುಕಿದ್ದ ಹೆಣ್ಣುಗಳಲ್ಲಿ ಬಹುಪಾಲು ಅಮ್ಮನ ಕೈಯ ಮೇಲಿದ್ದವು. ಬೂದುಬಣ್ಣದ ಹೊಟ್ಟೆಗಳು ಸ್ವಲ್ಪಸ್ವಲ್ಪವಾಗಿ ಉಬ್ಬಿ ಕೆಂಪಾದವು.

“ಅಲ್ಲಾಡಿಸ್ಬೇಡ” ಎಂದೆ.

“ಅಲ್ಲಾಡಿಸ್ತಾ ಇಲ್ಲ.”

ಅವಳು ರೆಪ್ಪೆ ಬಡಿಯದೆ ನೋಡುತ್ತಿದ್ದಳು. ತೇವದ ಯಂತ್ರ ಗುಂಯ್‌ಗುಡುತ್ತಿತ್ತು.

“ಅಂಥಾ ನೋವೇನಿಲ್ಲ” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಹಂಗಾದ್ರೆ ನಿಮ್ಮಪ್ಪಂಗೆ ಕಚ್ಚಿದ್ದು ಗೊತ್ತೇ ಆಗಿರಲ್ಲ, ಅಲ್ವಾ?”

“ಗೊತ್ತಾಗಿರಲ್ಲ ಅಮ್ಮ.”

“ಲೇತ್ ಮುಂದೆ ನಿಂತಿರ್ತಿದ್ರು. ಇಷ್ಟಕ್ಕೆಲ್ಲ ತಿರುಗಿ ನೋಡೋ ಮನುಷ್ಯ ಅಲ್ಲ.”

“ಹೌದು.”

ಅದಕ್ಕಿಂತ ಹೆಚ್ಚಿನದೇನಾದರೂ ನಾನು ಹೇಳಬೇಕಿತ್ತೆಂದು ಈಗ ತೋರುತ್ತದೆ. ಆಗ ನಾನು ಯಾವ ಸೊಳ್ಳೆ ಕುಡಿದಿದೆ, ಯಾವುದು ಕುಡಿದಿಲ್ಲ ಎಂದು ನೋಡುತ್ತಿದ್ದೆ. ಹೊಟ್ಟೆ ತುಂಬಿದವು ಒಂದೊಂದಾಗಿ ಭಾರವಾಗಿ ಹಾರಿ, ಬಲೆಯ ಕೆಳಭಾಗಕ್ಕೆ ಹೋಗಿ ಕುಳಿತವು. ಎಲ್ಲವೂ ಎದ್ದ ಮೇಲೆ ಅಮ್ಮ ಕೈಯನ್ನು ಹೊರತೆಗೆದಳು. ದದ್ದುಗಳು ಏಳತೊಡಗಿದ್ದವು. ತುರಿಸಬೇಡವೆಂದೆ. ಅವಳು ತುರಿಸಲಿಲ್ಲ, ಬಳೆಗಳನ್ನು ಕೆಳಕ್ಕೆ ಇಳಿಸಿ, ಸೆರಗನ್ನು ಮೇಲೆ ಹೊದ್ದು, ಪೂಜೆಗೆ ಹೊತ್ತಾಯಿತೆಂದು ಹೊರಟಳು. ಮೆಟ್ರೋದಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಅವಳು ನನ್ನ ಭುಜಕ್ಕೆ ತಲೆ ಆನಿಸಿ ಅತ್ತಿಗುಪ್ಪೆಯವರೆಗೆ ನಿದ್ದೆ ಮಾಡಿದಳು.

ಕೆಲವು ದಿನಗಳ ಮೇಲೆ ಒದ್ದೆ ಕಾಗದದ ಅಂಚಿನಲ್ಲಿ ಕರಿಯ ಮೊಟ್ಟೆಗಳು ಕಾಣಿಸಿದವು. ಹೆಚ್ಚೇನಿಲ್ಲ, ಗಸಗಸೆ ಚಿಟಿಕೆಯಷ್ಟು. ಅಷ್ಟು ಬಂದರೂ ಮುಗಿಯಲಿಲ್ಲ. ಒಣ ಕೋಣೆಯಲ್ಲಿ ಸೊರಗಿದ ತಾಯಂದಿರಿಂದ ಬ್ಯಾಕ್ಟೀರಿಯಾ ದಾಟಿದೆಯೇ ಎಂಬುದು ಗೊತ್ತಿರಲಿಲ್ಲ. ಮರಿಗಳು ನೀರಿನಲ್ಲಿ ಬೆಳೆದು, ಕೋಶಾವಸ್ಥೆ ದಾಟಿ, ರೆಕ್ಕೆ ಬಂದ ಮೇಲೆ ಕೆಲವನ್ನು ಅರೆದು ಪರೀಕ್ಷೆಗೆ ಹಾಕಿದೆ. ಮೇಡಂ ಹಿಂದೆ ನಿಂತಿದ್ದರು. ಪರದೆಯ ಮೇಲೆ ಫಲಿತಾಂಶದ ಗೆರೆಗಳು ಒಂದರ ಹಿಂದೆ ಒಂದು ಏರಿದವು. ಪರೀಕ್ಷಿಸಿದ ಎಲ್ಲದರಲ್ಲೂ ಅದು ಇತ್ತು. ಮೇಡಂ ನನ್ನ ಬೆನ್ನು ತಟ್ಟಿ, “ಅಮ್ಮಂಗೆ ಹೇಳು” ಎಂದರು. ನಾನು ಸರಿ ಎಂದೆ. ಸಂತೋಷವಾಗುತ್ತದೆಂದು ಕಾದೆ. ಆಗದಿದ್ದುದರಿಂದ ಪರೀಕ್ಷಾ ನಳಿಕೆಗಳನ್ನು ತೊಟ್ಟಿಗೆ ಹಾಕಿ, ಮೇಜು ಒರೆಸಿದೆ.

ಮನೆಗೆ ಬಂದಾಗ ಅಮ್ಮ ಚಪಾತಿ ಲಟ್ಟಿಸುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ.

“ಬಂದಿದೆ ಅಮ್ಮ.”

“ಏನು?”

“ಬ್ಯಾಕ್ಟೀರಿಯಾ. ಮರಿಗಳಲ್ಲೂ ಇದೆ.”

“ಎಲ್ಲದ್ರಲ್ಲೂ?”

“ನೋಡಿದ್ರಲ್ಲೆಲ್ಲ ಇದೆ.”

ಲಟ್ಟಣಿಗೆ ನಿಂತಿತು. “ಅಂದ್ರೆ ಆ ಮರಿಗಳು ಕಚ್ಚಿದ್ರೆ ಯಾರಿಗೂ ಏನೂ ಆಗಲ್ಲ.”

ಅವಳು ಅದನ್ನು ಪ್ರಶ್ನೆಯಾಗಿ ಕೇಳಲಿಲ್ಲ. ಹೌದು ಎಂದರೆ ಸಾಕಿತ್ತು. ಅವು ಕೋಣೆ ಬಿಟ್ಟು ಹೋಗುವುದಿಲ್ಲ. ಹೋದರೂ ವೈರಸ್ ಬೆಳೆಯುವುದು ತಗ್ಗುತ್ತದೆಯೇ ಹೊರತು ಪೂರ್ತಿ ನಿಲ್ಲುತ್ತದೆಂದು ಹೇಳಲು ಬರುವುದಿಲ್ಲ. ಇಷ್ಟನ್ನು ಮನಸ್ಸಿನಲ್ಲಿ ಹೇಳಿಕೊಂಡು, ಅದರಲ್ಲಿ ಅತಿ ಚಿಕ್ಕದನ್ನು ಆರಿಸಿದೆ.

“ಕಡಿಮೆ ಆಗುತ್ತೆ ಅಮ್ಮ.”

“ಕಡಿಮೆ ಅಂದ್ರೆ?”

“ಈಗ ಎಷ್ಟು ಜನಕ್ಕೆ ಬರ್ತಿದೆಯೋ ಅಷ್ಟು ಜನಕ್ಕೆ ಬರಲ್ಲ.”

ಅವಳು ತವೆಯ ಮೇಲಿದ್ದ ಚಪಾತಿಯನ್ನು ನೋಡುತ್ತಾ ಯೋಚಿಸಿದಳು. ಅದು ಅಲ್ಲಲ್ಲಿ ಕಪ್ಪಾಗತೊಡಗಿತ್ತು.

“ಯಾರೋ ಒಬ್ಬ ಮನುಷ್ಯ ಜ್ವರ ಬರ್ದೆ ಕೆಲ್ಸಕ್ಕೆ ಹೋಗಿ ಮನೆಗೆ ಬರ್ತಾನೆ. ಅಷ್ಟು ತಾನೆ?”

“ಹೌದು. ಒಬ್ಬನಿಗಿಂತ ಜಾಸ್ತಿ ಜನ ಇರಬಹುದು.”

“ಒಬ್ಬ ಅಂತಾನೇ ಇಟ್ಕೋ” ಎಂದು ಅವಳು ಚಪಾತಿಯನ್ನು ಮಗುಚಿದಳು.

ನಾನು ತಟ್ಟೆ ತೆಗೆದುಕೊಂಡು ಅವಳ ಪಕ್ಕ ನಿಂತೆ. ಹಿಟ್ಟು ಮೆತ್ತಿದ ಅವಳ ಬಲಗೈಯ ಮೇಲೆ ಒಂದು ಗುರುತೂ ಉಳಿದಿರಲಿಲ್ಲ.